ಹೆಂಡ್ತಿ ವೀಸಾ, ಅವ್ವನ ವಿಸಿಟ್ ವೀಸಾ: ನಮ್ಮ ಕಡಿ ಮಂದಿ ಯಾರರ ಮಾಡ್ಸೀರೇನ್ರಿ?

ಆಳಂದ ಹುಡುಗ:
ಎಲ್ಲಾರಿಗೂ ಶರಣು ಶರಣಾರ್ಥಿ. ನಾ ಆಳಂದ ತಾಲೂಕಿನವ, ಈಗ ಇಂಗ್ಲೆಂಡಿನ್ಯಾಗ ಕೆಲಸ ಮಾಡ್ಲತ್ತೀನಿ, ಐಎಲ್‌ಆರ್ ಬಂದದ ಅಂದ್ರ ಇಲ್ಲೇ ಕಾಯಂ ಇರಲಾಕ ಪರ್ಮಿಶನ್ ಸಿಕ್ಕದ. ಹ್ವಾದ ಬ್ಯಾಸಗ್ಯಾಗ ಕಲಬುರಗ್ಯಾಗ ಮದುವಿ ಆಯ್ತು, ಸ್ವಾಮಿಗೋಳು ಬಂದು ಹರಸಿದ್ರು, ಊರು ಊರೇ ಬಂದು ಉಂಡು ಹೋಯ್ತು, ರಿಜಿಸ್ಟರ್ ಇನ್ನಾ ಆಗಿಲ್ಲ. ಮನ್ಯವ್ರು ಬಿಎ ಮಾಡ್ಯಾರ, ಕನ್ನಡ ಮೀಡಿಯಂ. ಅವ್ರನ್ನ ಕರ್ಕೊಂಡ ಬರಬೇಕು, ಆಮ್ಯಾಲ ನಮ್ಮವ್ವನ್ನ ಒಂದ್ ಸಲ ಕರ್ಸಬೇಕು, ಅಪ್ಪ ಇಲ್ಲ, ಅವ್ವ ಒಬ್ಬಾಕೇ ಹೊಲ ನೋಡ್ಕೋತ ಇದ್ದಾಳ. ಒಬ್ಬೊಬ್ರು ಒಂದೊಂದ ಹೇಳ್ತಾರ, ಏಜೆಂಟ ಒಬ್ಬ ಎರಡೂ ಕೂಡೇ ಹಾಕೂಣ ಅಂತಾನ, ರೊಕ್ಕ ಭಾಳ ಕೇಳ್ಲತ್ತಾನ. ಖರೇ ಅನುಭವ ಇದ್ದವ್ರು ಹೇಳ್ರಿ.

ಭಾಲ್ಕಿ ಅಕ್ಕ:
ತಮ್ಮಾ, ಮೊದಲ ನಿಮ್ಮಿಬ್ಬರಿಗೂ ಶುಭಾಶಯ. ನಾ ಬೀದರ್ ಜಿಲ್ಲಾದಾಕಿ, ಇದೇ ಸ್ಪೌಸ್ ವೀಸಾ ಮ್ಯಾಲ ಬಂದಾಕಿ, ಅದಕ್ಕ ಸಾವಕಾಶ ಹೇಳ್ತೀನಿ.

ಎರಡೂ ಕೂಡಿಸಿ ಹಾಕೂದು ಅಂತ ಏನೂ ಇಲ್ಲ. ಹೆಂಡ್ತಿದು ಬ್ಯಾರೆ ಕಾಯ್ದಾ, ಅವ್ವಂದು ಬ್ಯಾರೆ ಕಾಯ್ದಾ. ಹೆಂಡ್ತಿ ಅರ್ಜ್ಯಾಗ "ಇಕಿ ಇಲ್ಲೇ ಇರಲಾಕ ಬರ್ತಾಳ" ಅಂತ ತೋರಿಸ್ಬೇಕು, ಅವ್ವನ ಅರ್ಜ್ಯಾಗ "ಇಕಿ ನೋಡಿ ವಾಪಸ್ ಹೋಗ್ತಾಳ" ಅಂತ ತೋರಿಸ್ಬೇಕು. ಒಂದೇ ಕವರಿನ್ಯಾಗ ಎರಡೂ ಮಾತು ಹ್ಯಾಂಗ ಕೂಡ್ತಾವ ಹೇಳು. ಆ ಏಜೆಂಟಗ ಬಿಟ್ಟಬಿಡು.

ಹೆಂಡ್ತಿ ವೀಸಾಕ್ಕ ನಿನ್ನ ಪಗಾರ ವರ್ಷಕ್ಕ 29,000 ಪೌಂಡ್ ಇರಬೇಕು. ಮೊದಲ 18,600 ಇತ್ತು, 2024ರ ಏಪ್ರಿಲ್ 11ರಿಂದ ಏರ್ಸ್ಯಾರ. ಒಂದೇ ಕಂಪನ್ಯಾಗ 6 ತಿಂಗಳಿಂದ ಇದ್ರ 6 ತಿಂಗಳ ಪೇ ಸ್ಲಿಪ್, ಅದೇ ರೊಕ್ಕ ಬಂದು ಬಿದ್ದ ಬ್ಯಾಂಕ್ ಸ್ಟೇಟ್‌ಮೆಂಟ್, ಕಂಪನಿ ಲೆಟರ್. ಸ್ಲಿಪ್ಪಿನ್ಯಾಗ ಇರೂ ಅಂಕಿ ಬ್ಯಾಂಕಿನ್ಯಾಗ ತಾಳೆ ಆಗಬೇಕು, ಒಂದ್ ತಿಂಗಳ ಸ್ಲಿಪ್ಪೂ ಬಿಡಬ್ಯಾಡ. ಪಗಾರ ಇರ್ಲಾರದವ್ರು ಬರೇ ಉಳಿತಾಯದ ಮ್ಯಾಲ ಹೋಗಬೇಕಂದ್ರ 88,500 ಪೌಂಡ್ ಬೇಕು, ಅದೂ 6 ತಿಂಗಳು ಖಾತ್ಯಾಗ ಕುಂತಿರಬೇಕು, ಅದು ನಮ್ಮಂಥವ್ರ ಕೈಲಿ ಆಗೂ ಮಾತಲ್ಲ.

ಆಮ್ಯಾಲ ಇಲ್ಲಿನ ಸರ್ಕಾರಿ ಆಸ್ಪತ್ರಿ ಸಲುವಾಗಿ ಹೆಲ್ತ್ ಸರ್ಚಾರ್ಜ್ ಅಂತ ವರ್ಷಕ್ಕ 1,035 ಪೌಂಡ್. ವೀಸಾ 33 ತಿಂಗಳದ್ದು ಇದ್ರೂ 3 ವರ್ಷದ್ದು ಕೂಡ್ಸಿ 3,105 ಪೌಂಡ್ ಒಂದೇ ಸಲಕ್ಕ ಕಟ್ಟಬೇಕು, ವೀಸಾ ಫೀಸು ಬ್ಯಾರೇನೇ. ಮದುವಿ ಖರ್ಚು ಆದ ಮ್ಯಾಲ ಇದು ಕೈ ಕಟ್ಟಿ ಹಾಕ್ತದ, ಮನ್ಯಾಗ ಹಿರ್ಯಾರಿಗೆ ಮೊದಲೇ ಹೇಳಿಡು.

ರಿಜಿಸ್ಟರ್ ಇಲ್ದೇ ಮುಂದಿಂದು ಯಾವುದೂ ನಡ್ಯಂಗಿಲ್ಲ. ಅದನ್ನ ಮೊದಲ ಮಾಡ್ಸು.

ತೊಗರಿ ನಾಡು:
ರಿಜಿಸ್ಟರ್ ಬಗ್ಗೆ ನಾ ಹೇಳ್ತೀನಿ ಅಣ್ಣಾ, ನಾ ಕಲಬುರಗ್ಯಾಗೇ ವಕೀಲರ ಹತ್ರ ಕೆಲಸ ಮಾಡ್ತೀನಿ. ಮದುವಿ ಆದ ಜಾಗದ ಇಲ್ಲಾ ಇಬ್ಬರೊಳಗ ಒಬ್ರು ಇರೂ ಜಾಗದ ಉಪನೋಂದಣಾಧಿಕಾರಿ ಕಚೇರ್ಯಾಗ ಆಗ್ತದ. ಲಗ್ನ ಪತ್ರಿಕಾ, ಇಬ್ಬರದೂ ಕೂಡಿದ ಫೋಟೊ, ವಯಸ್ಸಿನ ದಾಖಲೆ, ವಿಳಾಸ, ಮದುವ್ಯಾಗ ಇದ್ದ ಸಾಕ್ಷಿಗಳು. ಲಿಂಗಾಯತರಿಗೆ ಬ್ಯಾರೆ ಕಾಯ್ದಾ ಏನ್ರಿ ಅಂತ ಭಾಳ ಮಂದಿ ಕೇಳ್ತಾರ, ಇಲ್ಲ, 1955ರ ಹಿಂದೂ ವಿವಾಹ ಕಾಯ್ದೆಯ ಎರಡನೇ ಕಲಮಿನ್ಯಾಗ ವೀರಶೈವ, ಲಿಂಗಾಯತ ಅಂತ ಹೆಸರು ಹಿಡದೇ ಬರ್ದಾರ, ಅದೇ ಕಾಯ್ದಾದ ಕೆಳಗ ಆಗ್ತದ. ಧರ್ಮ ಬ್ಯಾರೆ ಬ್ಯಾರೆ ಇದ್ದವ್ರು 1954ರ ವಿಶೇಷ ವಿವಾಹ ಕಾಯ್ದಾದಾಗ ಹೋಗ್ತಾರ, ಅಲ್ಲಿ 30 ದಿನದ ನೋಟಿಸ್ ಇರ್ತದ, ರಜಾ ಕಮ್ಮಿ ಇದ್ದವ್ರು ಅದನ್ನ ಲೆಕ್ಕ ಹಾಕ್ಕೊಂಡೇ ಟಿಕೆಟ್ ತಗಿಬೇಕು.

ಒಂದ್ ಮಾತು ಕೈ ಮುಗದ ಹೇಳ್ತೀನಿ, ಸರ್ಟಿಫಿಕೇಟ್ ಕೈಗೆ ಬಂದ ಕೂಡ್ಲೇ ಅಲ್ಲೇ ನಿಂತು ಎಲ್ಲಾ ಹೆಸರು ಓದ್ರಿ. ಆಧಾರದಾಗ ಶರಣವ್ವ, ಪಾಸ್‌ಪೋರ್ಟಿನ್ಯಾಗ ಶರಣಮ್ಮ, ಮಾರ್ಕ್ಸ್ ಕಾರ್ಡಿನ್ಯಾಗ ಅಪ್ಪನ ಹೆಸರು ಮುಂದ, ಇಲ್ಲಿ ಹಿಂದ, ಹಿಂಗೇ ಇರ್ತಾವ. ಹುಟ್ಟಿದ ತಾರೀಕು ಸಾಲ್ಯಾಗ ಮಾಸ್ತರ್ರು ಜೂನ್ 1 ಅಂತ ಬರದಿರ್ತಾರ, ಮನ್ಯಾಗ ಬ್ಯಾರೆ ಹೇಳ್ತಾರ. ಪಾಸ್‌ಪೋರ್ಟಿನ್ಯಾಗ ಏನದ ಅದನ್ನೇ ಎಲ್ಲಾ ಕಡಿ ಹಿಡೀರಿ. ಹಳೇ ಕಾಗದ ತಿದ್ದಲಾಕ ಆಗ್ಲಿಲ್ಲಂದ್ರ ಎರಡೂ ಹೆಸರು ಒಬ್ಬರದೇ ಅಂತ ನೋಟರಿ ಅಫಿಡವಿಟ್ ಮಾಡ್ಸಿ ಜೋಡಿ ಇಡ್ರಿ.

ಸೇಡಂ ರೋಡ್:
ನಂದೂ ಒಂದ್ ಪ್ರಶ್ನೆ. ನಾ ಇಂಗ್ಲೆಂಡಿನ್ಯಾಗೇ ಇದ್ದೀನಿ ಆದ್ರ ಕೇರ್ ವರ್ಕರ್ ವೀಸಾ, ಹ್ವಾದ ವರ್ಷ ಬಂದೀನಿ. ನಮ್ಮ ಮನಿಯಾಕಿನ್ನ ಕರ್ಸಲಾಕ ಬರ್ತದೇನ್ರಿ? ಊರಾಗ ಒಬ್ರು ಬರ್ತದ ಅಂತ ಹೇಳಿ ಅಡ್ವಾನ್ಸ್ ಕೇಳ್ಲತ್ತಾರ.

ಭಾಲ್ಕಿ ಅಕ್ಕ:
ತಮ್ಮಾ ಕೊಡಬ್ಯಾಡ, ಒಂದ್ ರೂಪಾಯಿನೂ ಕೊಡಬ್ಯಾಡ. 2024ರ ಮಾರ್ಚ್ 11ರಿಂದ ಹೊಸದಾಗಿ ಕೇರ್ ವರ್ಕರ್ ಆಗಿ ಬಂದವ್ರಿಗೆ ಹೆಂಡ್ತಿ ಮಕ್ಕಳನ್ನ ಡಿಪೆಂಡೆಂಟ್ ಅಂತ ಕರ್ಸೂದು ಬಂದ್ ಮಾಡ್ಯಾರ. ಓದಲಾಕ ಬಂದವ್ರಿಗೂ 2024ರ ಜನವರಿಯಿಂದ ರಿಸರ್ಚ್ ಡಿಗ್ರಿ ಬಿಟ್ಟು ಮಾಸ್ಟರ್ಸಿಗೆ ಇಲ್ಲ. ನಿನ್ನ ಮನಸ್ಸಿಗೆ ನೋವಾಗ್ತದ ಅಂತ ಗೊತ್ತದ, ಆದ್ರೂ ಸುಳ್ಳ ಆಸೆ ಇಟ್ಕೊಂಡು ಹೊಲ ಒತ್ತಿ ಹಾಕೂದ್ಕಿಂತ ಈಗೇ ಗೊತ್ತಾಗೂದು ಚಲೋ. ಆಕಿ ವಿಸಿಟ್ ಮ್ಯಾಲ ಬಂದು ನೋಡಿ ಹೋಗಬಹುದು, ಅದಕ್ಕ ಬ್ಯಾರೆ ಅರ್ಜಿ, ಆಕಿ ವಾಪಸ್ ಹೋಗ್ತಾಳ ಅಂತ ನಂಬಿಸ್ಬೇಕು. ಇಲ್ಲಾಂದ್ರ ಡಿಪೆಂಡೆಂಟ್ ತರಲಾಕ ಬರೂ ಕೆಲಸಕ್ಕ ಬದಲಿ ಆಗಬೇಕು.

ಆಳಂದ ಹುಡುಗ, ಇಂಗ್ಲಿಷ್ ಪರೀಕ್ಷಾ ಒಂದ್ ಉಳೀತು. ಮನ್ಯವ್ರಿಗೆ ಎ1 ಅಂದ್ರ ಎಲ್ಲಾಕ್ಕಿಂತ ಸುಲಭ ಮಟ್ಟದ್ದು ಬೇಕು, ಬರಿಯೂದಿಲ್ಲ ಓದೂದಿಲ್ಲ, ಮಾತಾಡೂದು ಕೇಳೂದು ಅಷ್ಟೇ. ಐಇಎಲ್‌ಟಿಎಸ್ ಲೈಫ್ ಸ್ಕಿಲ್ಸ್ ಎ1 ಅಂತ ಇರ್ತದ, ಸಾದಾ ಐಇಎಲ್‌ಟಿಎಸ್ ಬುಕ್ ಮಾಡ್ಬ್ಯಾಡ. ಕನ್ನಡ ಮೀಡಿಯಂ ಅಂತ ಅವ್ರು ಅಂಜೂದು ಬ್ಯಾಡ, ನಾನೂ ಕನ್ನಡ ಸಾಲ್ಯಾಗೇ ಕಲ್ತಾಕಿ, ದಿನಾ ಸಂಜೀಗೆ ಇವ್ರ ಜೋಡಿ ಫೋನಿನ್ಯಾಗ ಸ್ವಲ್ಪ ಇಂಗ್ಲಿಷಿನ್ಯಾಗ ಮಾತಾಡಿ ರೂಢಿ ಮಾಡ್ಕೊಂಡೆ. ನೀನೂ ಹಂಗ ಮಾಡು, ಅಲ್ಲಿಂದ ಅವ್ರಿಗೆ ಧೈರ್ಯನೂ ಬರ್ತದ. ಟಿಬಿ ಟೆಸ್ಟ್ ಬ್ಯಾರೆ ಅದ, ಅವ್ರು ಒಪ್ಪಿದ ಕ್ಲಿನಿಕ್ಕಿನ್ಯಾಗೇ ಆಗಬೇಕು, ನಮ್ಮ ಕಡಿ ಮಂದಿ ಹೈದರಾಬಾದ್ ಇಲ್ಲಾ ಬೆಂಗಳೂರಿಗೆ ಹೋಗ್ತಾರ. ಸರ್ಟಿಫಿಕೇಟ್ 6 ತಿಂಗಳೇ ನಡೀತದ, ಭಾಳ ಮೊದಲೇ ಮಾಡ್ಸಿ ಇಟ್ರ ಹೊಳ್ಳಿ ಮಾಡ್ಸಬೇಕಾಗ್ತದ.

ಚಿತ್ತಾಪುರದವ:
ಇಲ್ಲಿ ಕೇಳ್ಬೇಕೋ ಬ್ಯಾಡೋ ಗೊತ್ತಿಲ್ಲ, ಆದ್ರ ಮನ್ಯಾಗ ಮಾತು ನಡದದ ಅದಕ್ಕ ಕೇಳ್ತೀನಿ. ನಾನೂ ಇಂಗ್ಲೆಂಡಿನ್ಯಾಗ ಸೆಟಲ್ ಆಗೀನಿ. ಅಕ್ಕ ತನ್ನ ಮಗಳ್ನ ನನಗೇ ಕೊಡ್ಬೇಕಂತಾಳ, ನಮ್ಮ ಮನಿತನದಾಗ ಮೊದಲಿಂದ ಸೋದರಮಾವಗ ಕೊಡೂ ಪದ್ಧತಿ ಅದ, ಹುಡುಗಿ ಡಿಗ್ರಿ ಮುಗಿಸ್ಯಾಳ. ವೀಸಾಕ್ಕ ಏನರ ತೊಂದ್ರಿ ಆಗ್ತದೇನ್ರಿ?

ತೊಗರಿ ನಾಡು:
ಕೇಳಿದ್ದು ಭಾಳ ಚಲೋ ಆಯ್ತು ಅಣ್ಣಾ, ಇದನ್ನ ಯಾರೂ ಬಾಯಿ ಬಿಟ್ಟು ಕೇಳಂಗಿಲ್ಲ. ನಮ್ಮಲ್ಲಿ ಹಿಂದೂ ವಿವಾಹ ಕಾಯ್ದಾದಾಗ ಸೋದರಮಾವ, ಅಕ್ಕನ ಮಗಳ ಸಂಬಂಧ ನಿಷೇಧದ ಪಟ್ಟ್ಯಾಗೇ ಅದ, ಆದ್ರ ಪದ್ಧತಿ ಇದ್ದಲ್ಲಿ ನಡೀತದ ಅಂತ ಅದೇ ಕಾಯ್ದಾ ಬಿಟ್ಟದ, ಅದಕ್ಕೇ ನಮ್ಮ ಕಡಿ ಆಗ್ತಾವ. ಇಂಗ್ಲೆಂಡಿನ 1949ರ ಮ್ಯಾರೇಜ್ ಆ್ಯಕ್ಟಿನ್ಯಾಗ ಅಕ್ಕತಂಗಿ ಮಗಳು, ಅಣ್ಣತಮ್ಮನ ಮಗಳು ಇಬ್ರೂ ನಿಷೇಧ, ಪದ್ಧತಿ ಗಿದ್ಧತಿ ಅಂತ ಬಿಡೂದಿಲ್ಲ. ಸ್ಪೌಸ್ ವೀಸಾ ರೂಲ್ಸ್ ಅದೇ ಪಟ್ಟಿ ಹಿಡೀತಾವ. ಅಂದ್ರ ಇಲ್ಲಿ ಕಾಯ್ದೆಸೀರ್ ಮದುವಿ ಆದ್ರೂ ಅಲ್ಲಿ ಹೆಂಡ್ತಿ ಅಂತ ವೀಸಾ ಸಿಗಂಗಿಲ್ಲ. ಸೋದರಮಾವನ ಮಗಳು, ಸೋದರತ್ತಿ ಮಗಳು ಆದ್ರ ಅಲ್ಲಿ ತಕರಾರಿಲ್ಲ.

ಭಾಲ್ಕಿ ಅಕ್ಕ:
ಇದಕ್ಕ ನಂದೊಂದ್ ಮಾತು ಸೇರಸ್ತೀನಿ. ಆ ಹುಡುಗಿ ಮುಖ ನೋಡಿ ಹೇಳ್ಲತ್ತೀನಿ. ಮದುವಿ ಮಾಡಿ ಊರಾಗೇ ಬಿಟ್ಟು ಬಂದ್ರ ಆಕಿ ವರ್ಷಗಟ್ಲೆ ತವರ್ಮನ್ಯಾಗ ಕುಂತು ಇವತ್ತು ಬರ್ತದ ನಾಳಿ ಬರ್ತದ ಅಂತ ಕಾಯಬೇಕು, ಊರ ಮಂದಿ ನೂರ ಮಾತಾಡ್ತಾರ. ಮಾತುಕತಿ ಆಗೂಕಿಂತ ಮೊದಲ ಅಕ್ಕನ್ನ ಮುಂದ ಕೂಡ್ಸಿಕೊಂಡು ಈ ಕಾಯ್ದಾ ಹೇಳ್ರಿ. ಮೊದಲ ಹೇಳಿದ್ರ ಅಕ್ಕತಮ್ಮರ ಸಂಬಂಧ ಉಳೀತದ.

ಚಿತ್ತಾಪುರದವ:
ಇಷ್ಟು ಖರೇ ಖರೇ ಯಾರೂ ಹೇಳಿದ್ದಿಲ್ರಿ ಅಕ್ಕಾರ. ಐತವಾರ ಫೋನ್ ಮಾಡಿ ಅಕ್ಕಗ, ಮಾವಗ ಇಬ್ಬರಿಗೂ ಹೇಳ್ತೀನಿ.

ಶಹಾಪುರ ಮಾಸ್ತರ್:
ನಾನು ನಿವೃತ್ತ ಶಿಕ್ಷಕ, ಶಹಾಪುರದಾಗ ಇರ್ತೀನಿ. ಮಗಳು ಅಮೆರಿಕಾದಾಗ ಇದ್ದಾಳ. ಇಲ್ಲಿ ಬರೆಯೋರೆಲ್ಲಾ ಮಕ್ಕಳು, ತಾಯಿ ತಂದಿ ಕಡಿಯಿಂದ ಯಾರೂ ಬರದಿಲ್ಲ, ಅದಕ್ಕ ನಾ ಬರೀತೀನಿ.

ಮಗಳ ಬಾಣಂತನಕ್ಕ ಹೋಗಬೇಕಾಗಿತ್ತು. ಪರಿಚಯದವ್ರು ಹೇಳಿದ್ರು, ಬಾಣಂತನ ಅನ್ನಬ್ಯಾಡ್ರಿ, ಬರೇ ತಿರಗ್ಯಾಡಲಾಕ ಹೊಂಟೀವಿ ಅನ್ರಿ, ಅಲ್ಲಿ ಅವ್ರು ಸಂಶಯ ಪಡ್ತಾರ ಅಂತ. ನಮ್ಮ ಮನಿಯಾಕಿ ಒಪ್ಪಲಿಲ್ಲ. ಮಗಳ ಹೆರಿಗಿಗೆ ಹೋಗೂದು ಮುಚ್ಚಿಡೂ ಮಾತೇನ್ರಿ ಅಂದ್ಲು. ಹೈದರಾಬಾದಿನ್ಯಾಗ ಇಂಟರ್‌ವ್ಯೂ ಆಯ್ತು, ನಮ್ಮ ಇಂಗ್ಲಿಷ್ ಅಷ್ಟಕ್ಕಷ್ಟೇ, ಹಿಂದ್ಯಾಗ ಮಾತಾಡಿದ್ವಿ. ಯಾಕ ಹೊಂಟೀರಿ, ಎಷ್ಟು ದಿನ ಇರ್ತೀರಿ, ಇಲ್ಲಿ ಯಾರಿದ್ದಾರ, ಪೆನ್ಶನ್ ಎಷ್ಟು ಅಂತ ಕೇಳಿದ್ರು. ಇದ್ದದ್ದು ಇದ್ದಂಗ ಹೇಳಿದ್ವಿ, ಮಗಳ ಹೆರಿಗಿ ಅದ, ಮಗ ಸೊಸಿ ಇಲ್ಲೇ ಇದ್ದಾರ, ಮುಂಗಾರಿ ಬಿತ್ತನಿ ಹೊತ್ತಿಗೆ ಬರ್ತೀವಿ. ಆಯ್ತು, ಕೊಟ್ರು. ತಂದ ಕಾಗದ ಒಂದೂ ಕೇಳಲಿಲ್ಲ.

ಅಮೆರಿಕಾದ ಕಾಯ್ದಾದಾಗ 214(ಬಿ) ಅಂತ ಒಂದು ಕಲಂ ಅದ. ವಿಸಿಟ್ ಕೇಳೂ ಮನುಷ್ಯ ಅಲ್ಲೇ ಉಳೀಲಾಕ ಬರ್ತಾನ ಅಂತ ಮೊದಲ ತಿಳ್ಕೊಂಡೇ ಅವ್ರು ಕೂತಿರ್ತಾರ, ಇಲ್ಲಾ ಅಂತ ನಾವು ತೋರಿಸ್ಬೇಕು. ಅದನ್ನ ತೋರ್ಸೂದು ಅಲ್ಲಿರೂ ಮಕ್ಕಳ ಪಗಾರ ಅಲ್ಲ. ನಮ್ಮ ಮನಿ, ನಮ್ಮ ಹೊಲ, ಪೆನ್ಶನ್, ಇಲ್ಲೇ ಉಳಿದ ಮಕ್ಕಳು ಮೊಮ್ಮಕ್ಕಳು. ಅದಕ್ಕ ಮಕ್ಕಳೇ, ನಿಮ್ಮ ತಾಯಿ ತಂದೀಗೆ ಉತ್ತರ ಬಾಯಿಪಾಠ ಮಾಡ್ಸಬ್ಯಾಡ್ರಿ. ಹೊಲಾ ಮಾಡಿ ಮನಿ ನಡಸಿದ ಮಂದಿಗೆ ತಮ್ಮ ಬದುಕಿನ ಬಗ್ಗೆ ಹೇಳಲಾಕ ಬರ್ತದ, ಬಾಯಿಪಾಠ ಮಾಡ್ಸಿದ್ರ ಒಂದು ಶಬ್ದ ಮರ್ತು ಅಂಜಿ ನಿಂದ್ರತಾರ.

ಇನ್ನೊಂದು. ವೀಸಾ 10 ವರ್ಷದ್ದು ಅಂತ ಬರದಿರ್ತದ, ಹಂಗಂತ 10 ವರ್ಷ ಇರಲಾಕ ಬರಂಗಿಲ್ಲ. ಇಳದಾಗ ಏರ್‌ಪೋರ್ಟಿನ್ಯಾಗ ಎಷ್ಟು ದಿನ ಅಂತ ಅವ್ರೇ ಹಾಕ್ತಾರ, ಸಾಮಾನ್ಯ 6 ತಿಂಗಳು, ಅದಕ್ಕ ಐ-94 ಅಂತಾರ. ಆ ತಾರೀಕು ದಾಟಿ ಉಳದ್ರ ಇದ್ದ 10 ವರ್ಷದ ವೀಸಾನೂ ರದ್ದಾಗ್ತದ. ಮೊಮ್ಮಗು ಮುಖ ನೋಡಿ ಇನ್ನೊಂದ್ ತಿಂಗಳು ಅಂತ ಆಸೆ ಆಗ್ತದ್ರಿ, ನಮಗೂ ಆಗಿತ್ತು, ಆದ್ರ ತಾರೀಕಿನ ಒಳಗೇ ಬಂದೀವಿ.

ವಾಡಿ ಜಂಕ್ಷನ್:
ಸರ್ ನಮಸ್ಕಾರ, ಭಾಳ ಚಲೋ ಬರದೀರಿ. ಅಮೆರಿಕಾ ಹೆಂಡ್ತಿ ವೀಸಾ ಕೇಳೋರಿಗೆ ನಾ ಒಂದಿಷ್ಟ್ ಸೇರಸ್ತೀನಿ. ಗಂಡ ಎಚ್-1ಬಿ ಅಂದ್ರ ಕೆಲಸದ ವೀಸಾ ಮ್ಯಾಲ ಇದ್ರ ಹೆಂಡ್ತಿಗೆ ಎಚ್-4, ಮದುವಿ ಸರ್ಟಿಫಿಕೇಟ್ ಗಟ್ಟಿ ಇದ್ರ ಸಾಕು, ಆದ್ರ ಕೆಲಸ ಮಾಡಲಾಕ ಕೂಡ್ಲೇ ಬರಂಗಿಲ್ಲ, ಗಂಡಂದು ಐ-140 (ಗ್ರೀನ್ ಕಾರ್ಡ್ ಸಲುವಾಗಿ ಕಂಪನಿ ಹಾಕೂ ಅರ್ಜಿ) ಅಪ್ರೂವ್ ಆಗಿರಬೇಕು ಇಲ್ಲಾ ಎಚ್-1ಬಿ 6 ವರ್ಷ ದಾಟಿ ಎಕ್ಸ್‌ಟೆನ್ಶನ್ ಸಿಕ್ಕಿರಬೇಕು, ಆಗ ಪರ್ಮಿಟಿಗೆ ಹಾಕಬಹುದು, ಈ ರೂಲ್ 2015ರಿಂದ ಅದ. ಎಂಜಿನಿಯರಿಂಗ್ ಓದಿದ ಹೆಣ್ಮಕ್ಕಳು ಇಲ್ಲಿ ಬಂದು ವರ್ಷಗಟ್ಲೆ ಮನ್ಯಾಗ ಕೂಡ್ತಾರ, ನಮ್ಮ ಮನ್ಯಾಗೂ ಅದೇ ಆಗ್ಯಾದ, ಅದಕ್ಕ ಹುಡುಗ ಅಮೆರಿಕಾ ಅಂದ ಕೂಡ್ಲೇ ಹೂಂ ಅನ್ಲಾರ್ದೆ ಯಾವ ವೀಸಾ ಅಂತ ಕೇಳ್ರಿ ಅಂತ ಹೆಣ್ಣಿನ ಕಡಿಯವ್ರಿಗೆ ನಾ ಹೇಳ್ತೀನಿ.

ಗಂಡ ಸಿಟಿಜನ್ ಇದ್ರ ಹೆಂಡ್ತಿ ಗ್ರೀನ್ ಕಾರ್ಡ್ ಸಲುವಾಗಿ ಐ-130 ಅನ್ನೂ ಅರ್ಜಿ ಹಾಕ್ತಾನ, ಕೋಟಾ ಸಾಲಿಲ್ಲ. ಗ್ರೀನ್ ಕಾರ್ಡ್ ಇದ್ದವ ಹಾಕಿದ್ರ ಅದು ಎಫ್2ಎ ಅನ್ನೂ ವರ್ಗ, ಸಾಲಿನ್ಯಾಗ ಕಾಯಬೇಕು. ಇಂಥ ಇಮಿಗ್ರೆಂಟ್ ವೀಸಾದ ಇಂಟರ್‌ವ್ಯೂ ಹೈದರಾಬಾದಿನ್ಯಾಗ ಇಲ್ಲ, ಮುಂಬೈಗೇ ಹೋಗಬೇಕು, ಮೆಡಿಕಲ್ಲೂ ಇಂಟರ್‌ವ್ಯೂಕಿಂತ ಮೊದಲ ಆಗಬೇಕು. ನಮ್ಮ ಕಡಿಯಿಂದ ಉದ್ಯಾನ ಇಲ್ಲಾ ಹುಸೇನ್ ಸಾಗರ ರೈಲು ಹಿಡದ್ರ ನೇರ ಮುಂಬೈ. ಮದುವ್ಯಾಗಿ 2 ವರ್ಷ ತುಂಬೂಕಿಂತ ಮೊದಲ ಒಳಗ ಹೋದ್ರ 2 ವರ್ಷದ ಗ್ರೀನ್ ಕಾರ್ಡ್ ಕೊಡ್ತಾರ, ಅದು ಮುಗಿಯೂ ಮೊದಲಿನ 90 ದಿನದಾಗ ಅದನ್ನ ಕಾಯಂ ಮಾಡ್ಸೂ ಐ-751 ಅರ್ಜಿ ಹಾಕಬೇಕು, ಮರೀಬಾರ್ದು.

ದರ್ಗಾ ರೋಡ್:
ಸಲಾಂ ಎಲ್ಲಾರಿಗೂ. ಗಲ್ಫಿನ್ಯಾಗ ಇರೂ ನಮ್ಮ ಕಲಬುರಗಿ ಬೀದರ್ ಮಂದಿಗೆ ಹೇಳ್ತೀನಿ. ನಿಕಾಹನಾಮಾ ಉರ್ದುದಾಗ ಇರ್ತದ, ತರ್ಜುಮಾ ಮಾಡ್ಸಿ ಅಟೆಸ್ಟೇಶನ್ ಅಂದ್ರ ಸರ್ಕಾರಿ ದೃಢೀಕರಣ ಮಾಡ್ಸಬೇಕು. ಸೌದಿ 2022ರ ಡಿಸೆಂಬರಿನಿಂದ ಅಪೊಸ್ಟಿಲ್ (ಬ್ಯಾರೆ ದೇಶದಾಗೂ ನಡೆಯೂ ಸರ್ಕಾರಿ ಸಿಕ್ಕಾ) ಒಪ್ತದ, ಅಂದ್ರ ವಿದೇಶಾಂಗ ಇಲಾಖೆ ಅಪೊಸ್ಟಿಲ್ ಮ್ಯಾಲೇ ಕೆಲಸ ಮುಗೀತದ, ಮೊದಲಿನಂಗ ಎಂಬೆಸಿ ಸಿಕ್ಕಾ ಬೇಕಿಲ್ಲ. ದುಬೈ ಕಡಿ ಎಂಬೆಸಿ ಸಿಕ್ಕಾ ಬೇಕೇ ಬೇಕು. ಅಲ್ಲಿ ಬೀವಿನ್ನ ಸ್ಪಾನ್ಸರ್ ಮಾಡಲಾಕ 4,000 ದಿರ್ಹಮ್ ಪಗಾರ, ಇಲ್ಲಾ 3,000 ಮತ್ತ ಮನಿ ಕಂಪನಿದು ಇರಬೇಕು. ನಮ್ಮ ಡ್ರೈವರ್ ಹುಡುಗ್ರು ಭಾಳ ಮಂದಿ ಇದಕ್ಕ ಕಮ್ಮಿ ಇದ್ದಾರ, ಅವ್ರ ಮನ್ಯಾಗಿನ ಹೆಣ್ಮಕ್ಕಳು ಎರಡು ವರ್ಷಕ್ಕೊಮ್ಮಿ ರಜಾ ಬರೂದೇ ಕಾಯ್ತಾರ, ಅದು ನೋಡಿ ದಿಲ್ ದುಖಾಸ್ತದ.

ಹುಮನಾಬಾದ್ ಟು ಟೊರಾಂಟೊ:
ಕೆನಡಾ ಕೇಳೋರಿಗೆ ಸ್ವಲ್ಪದಾಗ. ತಾಯಿ ತಂದೀಗೆ ಸೂಪರ್ ವೀಸಾ ಅಂತ ಅದ, ಮಗ ಮಗಳು ಪಿಆರ್ (ಅಲ್ಲೇ ಕಾಯಂ ಇರಲಾಕ ಪರ್ಮಿಶನ್ ಇದ್ದವ್ರು) ಇಲ್ಲಾ ಸಿಟಿಜನ್ ಇರಬೇಕು. ಒಂದ್ ಸಲಕ್ಕ 5 ವರ್ಷ ತನಕ ಇರಬಹುದು, 2022ರ ಜುಲೈಕಿಂತ ಮೊದಲ ಇದು 2 ವರ್ಷ ಇತ್ತು. ಕಮ್ಮಿ ಅಂದ್ರ 1 ಲಕ್ಷ ಡಾಲರಿನ ಒಂದ್ ವರ್ಷದ ಹೆಲ್ತ್ ಇನ್ಶೂರೆನ್ಸ್ ಬೇಕು, ಮೆಡಿಕಲ್ ಬೇಕು, ಮಗನ ಆದಾಯ ಮಂದಿ ಲೆಕ್ಕದ ಮ್ಯಾಲ ನೋಡ್ತಾರ. ಶುಗರ್ ಬಿಪಿ ಇದ್ದ ಹಿರ್ಯಾರಿಗೆ ಇನ್ಶೂರೆನ್ಸ್ ದುಬಾರಿ ಬೀಳ್ತದ, ಮೊದಲಿಂದ ಇದ್ದ ಬ್ಯಾನಿ ಕವರ್ ಆಗ್ತದೋ ಇಲ್ಲೋ ಓದಿ ತಗೋರಿ. ಹೆಂಡ್ತಿಗೆ ಸ್ಪಾನ್ಸರ್ ಮಾಡಲಾಕ ಇಂಗ್ಲೆಂಡಿನಂಗ ಇಷ್ಟೇ ಪಗಾರ ಅಂತ ಮಿತಿ ಸಾಮಾನ್ಯವಾಗಿ ಇಲ್ಲ, ಆದ್ರ 3 ವರ್ಷ ಆಕಿ ಜವಾಬ್ದಾರಿ ನಂದು ಅಂತ ಬರ್ಕೊಡಬೇಕು.

ಆಳಂದ ಹುಡುಗ:
ಇಷ್ಟು ಬರದಿದ್ದಕ್ಕ ಎಲ್ಲಾರಿಗೂ ಕೈ ಮುಗೀತೀನಿ. ಅವ್ವಂದು ಒಂದ್ ಕೇಳೂದದ. ಆಕಿಗೆ ಪೆನ್ಶನ್ ಇಲ್ಲ, ಪಗಾರ ಇಲ್ಲ, ಇನ್ಕಮ್ ಟ್ಯಾಕ್ಸ್ ಗೊತ್ತೇ ಇಲ್ಲ. ಹೊಲ ಇನ್ನಾ ಅಪ್ಪನ ಹೆಸರ್ಲೇ ಅದ, ತೊಗರಿ ಬೆಳೀತೀವಿ. ಏಜೆಂಟ ಹೇಳ್ತಾನ, ಅವ್ವನ ಖಾತ್ಯಾಗ ಒಂದಿಷ್ಟ್ ಲಕ್ಷ ಹಾಕಿ ತೋರ್ಸಿ ಆಮ್ಯಾಲ ತಗಿಯೂಣ ಅಂತ.

ತೊಗರಿ ನಾಡು:
ಅಣ್ಣಾ ಅದನ್ನ ಮಾತ್ರ ಮಾಡಬ್ಯಾಡ. ವರ್ಷಪೂರ್ತಿ ಸಣ್ಣ ಸಣ್ಣ ರೊಕ್ಕ ಓಡ್ಯಾಡಿದ ಖಾತ್ಯಾಗ ಅರ್ಜಿ ಹಿಂದಿನ ವಾರ ಲಕ್ಷಗಟ್ಲೆ ಬಂದು ಬಿದ್ರ ಅದೇ ಮೊದಲ ಕಣ್ಣಿಗೆ ಬೀಳ್ತದ. ಬರೇ ರಿಜೆಕ್ಟ್ ಆದ್ರ ಮತ್ತ ಹಾಕಬಹುದು, ಆದ್ರ ಮೋಸ ಮಾಡ್ಯಾರ ಅಂತ ಬರದ್ರ ಇಂಗ್ಲೆಂಡಿಗೆ 10 ವರ್ಷ ಬ್ಯಾನ್. ನಿನ್ನವ್ವನ ವಯಸ್ಸಿಗೆ 10 ವರ್ಷ ಅಂದ್ರ ಏನು ಅಂತ ವಿಚಾರ ಮಾಡು.

ಆಕಿ ಹತ್ರ ಏನೂ ಇಲ್ಲ ಅಂತ ಯಾಕ ತಿಳ್ಕೊಳ್ತಿ? ಕಲಬುರಗಿ ತೊಗರಿಗೆ 2019ರಾಗ ಜಿಐ ಟ್ಯಾಗ್ ಅಂದ್ರ ಈ ಸೀಮಿದೇ ಬೆಳಿ ಅನ್ನೂ ಸರ್ಕಾರಿ ಗುರ್ತು ಬಂದದ, ಅಂಥಾ ತೊಗರಿ ಬೆಳ್ಯೂ ರೈತಳು ಆಕಿ, ಹಂಗೇ ಬರೀರಿ ಅರ್ಜ್ಯಾಗ, ಹೌಸ್‌ವೈಫ್ ಅಂತ ಬರೀಬ್ಯಾಡ್ರಿ. ಅಪ್ಪನ ಹೆಸರಿನ ಪಹಣಿ ತಗಿ, ವಾರಸಾ ಮ್ಯಾಲ ಅವ್ವನ ಹೆಸರು ಏರ್ಸಲಾಕ ಅರ್ಜಿ ಹಾಕು, ಅದು ಹ್ಯಾಂಗೂ ಆಗಬೇಕಾದ ಕೆಲಸ. ಅಲ್ಲೀ ತನಕ ವಂಶಾವಳಿ, ಅಪ್ಪನ ಮರಣ ಪತ್ರ ಜೋಡಿ ಇಡು. ಗಂಜ್ ಅಡತಿ ಅಂಗಡ್ಯಾಗ ಮಾಲು ಮಾರಿದ ಪಟ್ಟಿ ಇರ್ತಾವಲ್ಲ, ಅವು ಎಲ್ಲಾ ತಗಿ, ಆ ರೊಕ್ಕ ಬ್ಯಾಂಕಿನ್ಯಾಗ ಬಿದ್ದದ್ದು ಗುರ್ತು ಹಾಕು. ನಾಡಕಚೇರಿಯಿಂದ ಆದಾಯ ಪ್ರಮಾಣ ಪತ್ರ. ಟ್ಯಾಕ್ಸ್ ಯಾಕಿಲ್ಲ ಅಂದ್ರ ನಮ್ಮ ದೇಶದಾಗ ಬೇಸಾಯದ ಆದಾಯಕ್ಕ ಇನ್ಕಮ್ ಟ್ಯಾಕ್ಸ್ ಇಲ್ಲ ಅಂತ ಪತ್ರದಾಗ ಒಂದ್ ಸಾಲು ಬರಿ, ಅಲ್ಲಿ ಕೂತವ್ರಿಗೆ ಅದು ಗೊತ್ತಿರಬೇಕಂತಿಲ್ಲ. ಕನ್ನಡ ಕಾಗದಕ್ಕೆಲ್ಲಾ ಇಂಗ್ಲಿಷ್ ಅನುವಾದ ಬೇಕು, ಅನುವಾದ ಮಾಡಿದವ್ರು ಇದು ಮೂಲದಂಗೇ ಅದ ಅಂತ ಬರದು, ತಾರೀಕು, ಪೂರಾ ಹೆಸರು, ಸಹಿ, ಫೋನ್ ನಂಬರ್ ಹಾಕಿರಬೇಕು.

ಭಾಲ್ಕಿ ಅಕ್ಕ:
ಮತ್ತ ತಾರೀಕು ನೋಡಿ ಕರ್ಸು. ತೊಗರಿ ರಾಶಿ ಜನವರಿ ಹೊತ್ತಿಗೆ ಮುಗೀತದ, ಬಿತ್ತನಿ ಜೂನಿಗೆ. ಫೆಬ್ರವರಿ ಕಡೀಗೆ ಬಂದು ಮೇ ತಿಂಗಳಾಗ ಹೋಗ್ತಾಳ ಅಂತ ಬರದ್ರ ಆಕಿ ಬದುಕಿಗೂ ಹೊಂದ್ತದ, ಓದಿದವ್ರಿಗೂ ತಿಳೀತದ. ವಿಸಿಟ್ ಗರಿಷ್ಠ 6 ತಿಂಗಳು ಅದ ಅಂತ ಪೂರಾ 6 ತಿಂಗಳು ಕೇಳ್ಬ್ಯಾಡ. ಖರ್ಚು ನಂದು ಅಂತ ನಿನ್ನ ಪತ್ರ, ಪೇ ಸ್ಲಿಪ್, ಮನಿ ಕಾಗದ ಇರ್ಲಿ, ಆದ್ರ ಅವು ಎರಡನೇ ಜಾಗದಾಗ. ಇನ್ಶೂರೆನ್ಸ್ ಬಿಡಬ್ಯಾಡ, ವಿಸಿಟರಿಗೆ ಇಲ್ಲಿ ಆಸ್ಪತ್ರ್ಯಾಗ ಅಡ್ಮಿಟ್ ಆದ್ರ ಖರ್ಚಿನ ಒಂದೂವರಿ ಪಟ್ಟು ಬಿಲ್ಲು ಹಾಕ್ತಾರ.

ಹೆಂಡ್ತಿದು ಮೊದಲ ಮುಗಿಸು, ಅವ್ರು ಬಂದು ಮನಿ ಸ್ವಲ್ಪ ನಿಂತ ಮ್ಯಾಲ ಅವ್ವನ್ನ ಕರ್ಸು, ಆಕಿಗೂ ಮಾತಾಡಲಾಕ ಮನ್ಯಾಗ ಒಬ್ರು ಇರ್ತಾರ. ನೀ ಕೆಲಸಕ್ಕ ಹೋದ್ರ ದಿನಾ ಒಬ್ಬಾಕೇ ಗೋಡಿ ನೋಡ್ಕೋತ ಕೂಡಬಾರ್ದು.

ಆಳಂದ ಹುಡುಗ:
ಆಯ್ತ್ರಿ ಅಕ್ಕಾರ, ಹಂಗೇ ಮಾಡ್ತೀನಿ. ಸೋಮವಾರ ಮಾವನವ್ರು ರಿಜಿಸ್ಟರ್ ಕಚೇರಿಗೆ ಹೋಗಿ ಕೇಳ್ಕೊಂಡ ಬರ್ತಾರ, ನಾ ರಜಾ ಹಾಕಿ ಬರ್ತೀನಿ. ಏಜೆಂಟಗ ಬ್ಯಾಡ ಅಂತ ಹೇಳೀನಿ. ಅವ್ವ ಈಗಿಂದೇ ಕೇಳ್ಲತ್ತಾಳ, ಬರೂ ಮುಂದ ಏನೇನ್ ಕಟ್ಕೊಂಡ ಬರ್ಲಿ ಅಂತ.

ಭಾಲ್ಕಿ ಅಕ್ಕ:
ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಖಾರಪುಡಿ, ತೊಗರಿ ಬ್ಯಾಳಿ ತರ್ಲಿ. ಮನಿ ತುಪ್ಪ, ಪೇಢೆ, ಖೋವಾ ಬ್ಯಾಡ, ಭಾರತದಿಂದ ಹಾಲಿಂದು, ಮಾಂಸದ್ದು ಏನೂ ಒಳಗ ಬಿಡಂಗಿಲ್ಲ, ಏರ್‌ಪೋರ್ಟಿನ್ಯಾಗ ತಗದು ಒಗೀತಾರ. ಗುಳಿಗಿ ಜೋಡಿ ಡಾಕ್ಟರ್ ಚೀಟಿ ಇರ್ಲಿ. ಟಿಕೆಟ್ ತಗಿಯೂ ಮುಂದೇ ವ್ಹೀಲ್‌ಚೇರ್ ಹೇಳಿಬಿಡು, ಅದಕ್ಕ ಬ್ಯಾರೆ ರೊಕ್ಕ ಇಲ್ಲ, ಒಬ್ರು ಜೋಡೀಗೆ ಇದ್ದು ಇಮಿಗ್ರೇಶನ್ ತನಕ ಕರ್ಕೊಂಡ ಹೋಗ್ತಾರ, ವಿಮಾನ ಬದಲಿ ಮಾಡೂ ಜಾಗದಾಗೂ ದಾರಿ ತಪ್ಪಂಗಿಲ್ಲ. ನಿನ್ನ ಫೋನ್ ನಂಬರ್, ಮನಿ ವಿಳಾಸ ದೊಡ್ಡ ಅಕ್ಷರದಾಗ ಬರದು ಆಕಿ ಪಾಸ್‌ಪೋರ್ಟಿನ ಕವರಿನ್ಯಾಗ ಇಡ್ಲಿಕ್ಕೆ ಊರಾಗ ಇದ್ದವ್ರಿಗೆ ಹೇಳು.